ಅಪ್ಪ ಮೊದಲು ಬರೆದ ಸಾಲು

ಕಂಬಿಗಳಿಗೆ ಹೊಸದಾಗಿ ಬಣ್ಣ ಬಳಿದ ಬಸ್ಸು ನಿಮಗೂ ಎಂದಾದರೂ ಸಿಕ್ಕಿರಬಹುದು. ಇವತ್ತು ಅರಭಾವಿಯಿಂದ ಹುಕ್ಕೇರಿಗೆ ಹೊರಟಾಗ ನನಗೆ ಅಂಥದ್ದೇ ಸಿಕ್ಕಿತು. ಆಯಿಲ್ ಪೇಂಟಿನ ವಾಸನೆ ಬಂದರೆ ನನಗೆ ಅಪ್ಪನ ಅಂಗಿ ನೆನಪಾಗುತ್ತದೆ. ಗೋಕಾಕದಲ್ಲಿದ್ದುಕೊಂಡು ಅಪ್ಪ ಸುತ್ತಲಿನ ಊರುಗಳ ಗೋಡೆಗಳ ಮೇಲೆ ಜಾಹೀರಾತು ಬರೆಯುತ್ತಿದ್ದ. ಗೊಬ್ಬರ, ಸಿಮೆಂಟು, ಸೀರೆ ಅಂಗಡಿ. ಜೊತೆಗೆ, ಕಾಲೇಜಿನಲ್ಲಿ ನಾನು ಯಾರಿಗೂ ಹೇಳದಿದ್ದ ಬಾರುಗಳು.

ಪೇಂಟರುಗಳಲ್ಲಿ ಒಂದು ರೂಢಿಯಿತ್ತು. ಬಾರಿನ ಹೆಸರು, ಬಾಟಲಿಯ ಚಿತ್ರ ಎಲ್ಲ ಮುಗಿದ ಮೇಲೆ, ಡಬ್ಬಿಯ ತಳದಲ್ಲಿ ಉಳಿದ ಬಣ್ಣದಿಂದ, ಹುಲ್ಲು ಮುಚ್ಚುವಷ್ಟು ಕೆಳಗೆ ‘ಮದ್ಯಪಾನ ಆರೋಗ್ಯಕ್ಕೆ ಹಾನಿಕರ’ ಎಂದು ಬರೆಯುವುದು. ಅಪ್ಪನೂ ಹಾಗೇ ಬರೆಯುತ್ತಿದ್ದ. ಮದ್ಯದ ಜಾಹೀರಾತಿಗೆ ಎಚ್ಚರಿಕೆ ಕಡ್ಡಾಯವಾಗಬೇಕೆಂದು ಪ್ರಬಂಧ ಬರೆದು ನಾನು ಕಾಲೇಜಿನಲ್ಲಿ ಸ್ಟೀಲ್ ಲೋಟ ಗೆದ್ದೆ. ಅದೇ ಲೋಟದಲ್ಲಿ ಅಪ್ಪನಿಗೆ ಚಹಾ ಕೊಟ್ಟು, ಪ್ರಬಂಧವನ್ನೂ ಓದಿ ಹೇಳಿದೆ. ಜಂಬ ನೋಡಿ!

‘ಕಡ್ಡಾಯ ಅಂದಿ, ಖರೆ. ಎಷ್ಟ ದೊಡ್ಡದ ಬರೀಬೇಕಂತ ಹೇಳಲೇ ಇಲ್ಲಲ್ಲವಾ?’ ಎಂದ ಅಪ್ಪ.

ಐದು ಪುಟಗಳಲ್ಲಿ ಎಲ್ಲವೂ ಇತ್ತು. ಅಕ್ಷರದ ಅಳತೆಯೊಂದು ಇರಲಿಲ್ಲ.

ಮುಂದಿನ ವಾರ ಬೆಲ್ಲದ ಬಾಗೇವಾಡಿಯ ರಸ್ತೆಯಲ್ಲಿ ಒಂದು ಬಾರಿನ ಗೋಡೆ. ಮೂಡಲಗಿಯವರೆಗೂ ಆ ಮಾಲೀಕರ ಅಂಗಡಿಗಳಿದ್ದವು. ಅಪ್ಪನ ಆ ವರ್ಷದ ಕೆಲಸವೆಲ್ಲ ಅವರದೇ. ನಾನು ಬುತ್ತಿ ಒಯ್ದಾಗ ಅಪ್ಪ ಎಚ್ಚರಿಕೆಯನ್ನೇ ಮೊದಲು ಬರೆದು ಮುಗಿಸಿದ್ದ. ಗೋಡೆಯ ನೆತ್ತಿಯಲ್ಲಿ ಮೊಳದುದ್ದದ ಕಪ್ಪು ಅಕ್ಷರ, ಎರಡು ಕೋಟು ಬಣ್ಣ.

ಮಾಲೀಕರು ಬಂದು ನೋಡಿದರು. ‘ಏನ್ರಿ ಪೇಂಟರ, ಗಿರಾಕಿ ಕರಿಯಾಕ ಬರ್ಯಾಕತ್ತೀರೋ, ಓಡಸಾಕೋ?’

‘ಓದಾಕ ಬರೂವಂಗ ಬರದೇನ್ರಿ, ಅಷ್ಟ.’

‘ನನ್ನ ಬಾರಿನ ಹೆಸರಿಗೆ ಜಾಗಾ ಎಲ್ಲೈತಿ?’

‘ಕೆಳಗ ಐತ್ರಿ. ಹುಲ್ಲ ಕಿತ್ತ ಕೊಡ್ತೇನಿ.’

‘ಅಳಸ್ರಿ. ಇಲ್ಲಾಂದ್ರ ಉಳದ ಗ್ವಾಡಿ ಮರತಬಿಡ್ರಿ.’

ಅಪ್ಪ ಸೀಮೆಎಣ್ಣೆಯಲ್ಲಿ ಕುಂಚ ತೊಳೆದ. ‘ಬುತ್ತಿ ಬಿಚ್ಚವಾ,’ ಎಂದ.

ಉಳಿದ ಗೋಡೆಗಳು ಬೇರೆಯವರ ಪಾಲಾದವು. ಈ ಗೋಡೆಗೆ ಮಾಲೀಕರು ಅವಸರದಲ್ಲಿ ಸುಣ್ಣ ಹೊಡೆಸಿ, ಅದರ ಮೇಲೆ ಬಾರಿನ ಹೆಸರು ಬರೆಸಿದರು.

ಆಯಿಲ್ ಪೇಂಟಿನ ಮೇಲೆ ಸುಣ್ಣ ನಿಲ್ಲುವುದಿಲ್ಲ. ಇವತ್ತು ಬಸ್ಸು ಅದೇ ಗೋಡೆಯ ಮುಂದೆ ನಿಂತಾಗ ಸುಣ್ಣದೊಂದಿಗೆ ಹೆಸರೂ ಉದುರಿಹೋಗಿತ್ತು. ಕಪ್ಪು ಸಾಲು ಪೂರ್ತಿ ಹೊರಗೆ ಬಂದಿತ್ತು. ಪಕ್ಕದ ಸೀಟಿನ ಅಜ್ಜಿ ಒಂದೊಂದೇ ಅಕ್ಷರ ಕೂಡಿಸಿ ಅದನ್ನು ಓದಿ ಮುಗಿಸಿದರು.

‘ಚಸ್ಮಾ ಮನ್ಯಾಗ ಬಿಟ್ಟ ಬಂದೇನಿ, ಆದ್ರೂ ಕಂಡತ ನೋಡವಾ! ಯಾರ ಬರದಾರೋ ಏನೋ.’

ಬಸ್ಸಿನಲ್ಲಿ ಗುರುತಿಲ್ಲದವರೊಡನೆ ನಾನು ಮಾತಾಡುವುದಿಲ್ಲ.

‘ನಮ್ಮಪ್ಪ ಬರದಾನ್ರಿ,’ ಎಂದೆ. ಮುಂದಿನ ಸೀಟಿನವರೂ ತಿರುಗಿ ನೋಡುವಷ್ಟು ಗಟ್ಟಿಯಾಗಿ.