ಎರಡು ಬೆರಳು ಬಟ್ಟೆ

ಆ ಬೀದಿಯ ಮಕ್ಕಳಿಗೆಲ್ಲ ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದವಳು ಕತ್ತರಿಯಮ್ಮ. ಆ ಹೆಸರು ಕಸುಬಿನಿಂದ ಬಂದದ್ದೋ ನಾಲಿಗೆಯಿಂದ ಬಂದದ್ದೋ, ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಬಾಡಿಗೆಯ ಒಂದೇ ಕೋಣೆ. ಮಂಚವನ್ನು ಗೋಡೆಗೆ ಒರಗಿಸಿದರೆ ಹೊಲಿಗೆ ಯಂತ್ರಕ್ಕೆ ಜಾಗ, ಯಂತ್ರವನ್ನು ಮೂಲೆಗೆ ತಳ್ಳಿದರೆ ಗಂಡಹೆಂಡಿರಿಗೆ ಜಾಗ.

ಕತ್ತರಿ ಹಾಕುವ ಮುನ್ನ ಬಟ್ಟೆಯ ಮೇಲೆ ಅಂಗೈ ಊರಿ, ಕಣ್ಣು ಮುಚ್ಚಿ, "ಕರ್ತನೇ, ಕೈ ಓಡೋಕೆ ಮೊದಲು ಬುದ್ಧಿ ಕೊಡು" ಎಂದು ಬೇಡುವುದು ಅವಳ ಪದ್ಧತಿ. ಕಾಯುತ್ತ ಕುಳಿತವರು ಸುಮ್ಮನಿರುತ್ತಿರಲಿಲ್ಲ.

"ಅಮ್ಮಾ, ಈ ಚಡ್ಡಿ ಹೋಗೋದು ಸ್ಕೂಲಿಗೆ, ಸ್ವರ್ಗಕ್ಕಲ್ಲ!"

"ಅಡ್ಡಾದಿಡ್ಡಿ ಕತ್ತರಿಸಿದ್ರೆ ಎಲ್ಲಿಗೂ ಹೋಗಲ್ಲ. ತೆಪ್ಪಗೆ ಕೂತ್ಕೊಳಪ್ಪ."

ಅಂಚಿನ ಒಳಗೆ ಎರಡು ಬೆರಳಗಲ ಬಟ್ಟೆಯನ್ನು ಮಡಿಸಿ ಬಿಡುತ್ತಿದ್ದಳು. ಮಗು ಬೆಳೆದಾಗ ಹೊಲಿಗೆ ಬಿಚ್ಚಿ ಇಳಿಸಿದರೆ ಅದೇ ಉಡುಪು ಮರುವರ್ಷಕ್ಕೂ ಒದಗುತ್ತಿತ್ತು.

ಒಂದು ಮಧ್ಯಾಹ್ನ ಜವಳಿ ಅಂಗಡಿಯ ಸಾಹುಕಾರರು ಬಟ್ಟೆಯ ತುಂಡೊಂದನ್ನು ಹಿಡಿದು ಬಂದರು. ಅವರೂ ಕತ್ತರಿಯಮ್ಮ ಹೋಗುವ ಚರ್ಚಿನವರೇ.

"ಅಕ್ಕಾ, ಶಾಲೆ ಬಟ್ಟೆಯೆಲ್ಲ ಇನ್ನು ನಮ್ಮ ಅಂಗಡಿಯದ್ದೇ. ಹೊಲಿಸೋ ಯಜಮಾನಿಕೆ ನಿಮ್ಮದು. ಅಂಗಡಿ ಹಿಂದಿನ ಮನೆ ನಿಮ್ಮ ಹೆಸರಿಗೇ ಬರೆದುಕೊಡ್ತೀನಿ. ಎರಡು ಕೋಣೆ, ಬಿಸಿಲು ಬರೋ ಅಡುಗೆಮನೆ."

ಗಂಡನ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. ಲಾರಿ ಓಡಿಸುತ್ತ ಊರೂರಿನ ಅಂಗಳಗಳಲ್ಲಿ ಮಲಗಿ ಎದ್ದವನು ಅವನು. ತನ್ನದೇ ಒಂದು ಬಾಗಿಲಿಗಾಗಿ ಆಯುಷ್ಯವಿಡೀ ಹಂಬಲಿಸಿದ್ದ.

"ಒಂದೇ ಮಾತು," ಎಂದರು ಸಾಹುಕಾರರು. "ಒಳಗೆ ಬಟ್ಟೆ ಬಿಡೋದು ಬೇಡ. ಮಕ್ಕಳು ಬೆಳೀಲಿ, ವರ್ಷವರ್ಷ ಹೊಸದು ಕೊಳ್ಳಲಿ. ಎಲ್ಲಿ, ಇದನ್ನ ಹಾಗೆ ಕತ್ತರಿಸಿ ತೋರಿಸಿ. ನಾಳೆಯೇ ಕೀಲಿ ನಿಮ್ಮದು."

"ಕತ್ತರಿಸೇ," ಎಂದ ಗಂಡ ಮೆಲ್ಲಗೆ.

ಅವಳು ಬಟ್ಟೆಯನ್ನು ಹಾಸಿ ಅಂಗೈ ಊರಿದಳು. ಮುಚ್ಚಿದ ಕಣ್ಣೊಳಗೆ ಮೊದಲು ಬಂದದ್ದು ಬಿಸಿಲಿನ ಅಡುಗೆಮನೆಯೇ. ಕೈ ಎತ್ತಲು ಮನಸ್ಸಾಗಲಿಲ್ಲ. ಸಾಹುಕಾರರು ಕೆಮ್ಮಿದರು. ಆಮೇಲೆ ಅವಳು ಸೀಮೆಸುಣ್ಣ ತೆಗೆದುಕೊಂಡು ಗೆರೆ ಎಳೆದಳು. ಅಂಚಿಗಿಂತ ಎರಡು ಬೆರಳು ಆಚೆಗೆ. ಅದೇ ಗೆರೆಯ ಮೇಲೆ ಕತ್ತರಿ ಸರಸರನೆ ಓಡಿತು.

"ಮನೆ ಬೇಡವಾ?"

"ಬೇಕು ಸಾಹುಕಾರ್ರೇ, ಹೊಟ್ಟೆ ಉರಿಯೋಷ್ಟು ಬೇಕು. ಆದ್ರೆ ದಿನಾ ದೇವರ ಹತ್ರ ಬುದ್ಧಿ ಬೇಡಿ, ಕೊಟ್ಟ ದಿನ ಬೇಡ ಅನ್ನೋಕಾಗುತ್ತಾ?"

ಸಾಹುಕಾರರು ತುಂಡುಗಳನ್ನು ಬಾಚಿಕೊಂಡು ಹೊರಟುಹೋದರು. ಗಂಡ ಎರಡು ದಿನ ಮುಖ ಊದಿಸಿಕೊಂಡಿದ್ದ. ಮೂರನೆಯ ದಿನ ತಾನಾಗಿಯೇ ಮಂಚ ಎತ್ತಿ ಗೋಡೆಗೆ ಒರಗಿಸಿ, "ಕೂತ್ಕೋ, ಕೆಲಸ ನೋಡು" ಎಂದ.

ಅಂಗಡಿಯ ಸಿದ್ಧ ಉಡುಪುಗಳು ಬಂದವು, ಬೆಡಗಿನ ಪೊಟ್ಟಣಗಳಲ್ಲಿ. ಒಂದಷ್ಟು ಜನ ಅತ್ತ ಹೋದರು. ಅವಳು ಮುನಿಯಲಿಲ್ಲ; ಬಿಡುವಾದ ಹೊತ್ತಿನಲ್ಲಿ ನೆರೆಯ ಹೆಂಗಸರನ್ನು ಕೂರಿಸಿಕೊಂಡು ಹೊಲಿಗೆ ಕಲಿಸಿದಳು. ಅಂಗೈ ಊರುವುದನ್ನೂ ಬಟ್ಟೆ ಬಿಡುವುದನ್ನೂ ಒಟ್ಟಿಗೇ ಕಲಿಸಿದಳು. ಕಲಿತವರು ಬೇರೆ ಬೀದಿಗಳಲ್ಲಿ ಯಂತ್ರ ಹಾಕಿದರು.

ಹಲವು ವರ್ಷಗಳ ಮೇಲೆ, ಶಾಲೆ ತೆರೆದ ಬೆಳಿಗ್ಗೆ, ದಂಪತಿಗಳು ಶಾಲೆಯ ಗೇಟಿನ ಬಳಿ ನಿಂತಿದ್ದರು. ಮಕ್ಕಳು ದುಡುದುಡು ಓಡಿಬಂದರು. ಮಾಸಿದ ಲಂಗಗಳ, ಚಡ್ಡಿಗಳ ಕೆಳಗೆ, ಒಳಗಿದ್ದ ಬಟ್ಟೆ ಇಳಿದಲ್ಲಿ, ಬಿಸಿಲು ಕಾಣದ ಹೊಸ ಬಣ್ಣದ ಪಟ್ಟಿ.

"ಅಗೋ, ನಿಂದು! ಅಲ್ಲೊಂದು! ಅಲ್ಲೂ... ಅಯ್ಯೋ, ಎಲ್ಲಿ ನೋಡಿದ್ರೂ ನಿಂದೇ ಕಣೇ!" ಗಂಡನ ಬೆರಳಿಗೆ ಪುರಸೊತ್ತೇ ಇಲ್ಲ.

"ನೋಡ್ರೀ," ಎಂದು ಕತ್ತರಿಯಮ್ಮ ಕಣ್ಣೊರೆಸಿಕೊಂಡು ನಕ್ಕಳು, "ಸಾಹುಕಾರ್ರು ಕೊಡೋ ಮನೆ ಇದ್ದಲ್ಲೇ ಇರ್ತಿತ್ತು. ದೇವರು ಕೊಟ್ಟಿದ್ದು ಹೇಗೆ ಓಡ್ತಿದೆ!"