ನೀರು ಮಾತು ಕೇಳದ ರಾಜಕುಮಾರಿ

ನೆರೆಮನೆಯ ಟೀಚರ ಬಲಹುಬ್ಬನ್ನು ಹಳೆಯ ಗಾಯವೊಂದು ಎರಡಾಗಿ ಸೀಳಿತ್ತು. ಕಥೆ ಓದುವಾಗ ಅಪಾಯದ ಜಾಗ ಬಂತೆಂದರೆ ಆ ಹುಬ್ಬಿನ ಹೊರಗಿನ ಅರ್ಧ ಮಾತ್ರ ಮೇಲೇರುತ್ತಿತ್ತು.

ಕುಂದಾಪುರದ ಕಡೆಯ ನಾವುಂದದಲ್ಲಿ, ಹೊಳೆಗೆ ಹತ್ತಿರದ ತಗ್ಗಿನಲ್ಲಿ ನಮ್ಮದೂ ಅವರದೂ ಅಕ್ಕಪಕ್ಕದ ಮನೆ. ನಿವೃತ್ತರಾದ ಮೇಲೆ ಅವರು ಮಕ್ಕಳಿಗೆಂದು ಒಂದು ಕಾದಂಬರಿ ಬರೆಯತೊಡಗಿದ್ದರು. ದ್ವೀಪರಾಜ್ಯವೊಂದರ ಹದಿನೈದರ ರಾಜಕುಮಾರಿ. ಗಾಳಿ, ಬೆಂಕಿ, ನೀರು ಮೂರೂ ಅವಳ ಕೈಸನ್ನೆಗೆ ಕಾಯುತ್ತಿದ್ದವು. ಬರೆದಷ್ಟನ್ನು ಸಂಜೆ ಜಗಲಿಯಲ್ಲಿ ನನಗೆ ಓದಿ ಹೇಳುವರು. ನಡುವೆ ಶಬ್ದವೊಂದು ಸರಿಬೀಳದಿದ್ದರೆ ತುರುಬಿಗೆ ಸಿಕ್ಕಿಸಿದ ಪೆನ್ನು ಕಿತ್ತು ಅಲ್ಲೇ ಹೊಡೆದುಹಾಕುವರು. ಹೊಗಳಿದರೆ ಸಿಟ್ಟು. "ಚಂದ ಇತ್ತ್ ಅಂಬ್ದ್ ಬೇಡ. ಎಲ್ಲಿ ನಿದ್ರಿ ಬಂತ್ ಹೇಳ್" ಎನ್ನುವರು.

ವರ್ಷಗಟ್ಟಲೆಯ ಕೆಲಸ. ಕೈಬರಹದ ಒಂದೇ ಪ್ರತಿ, ಅವರ ಕಪಾಟಿನಲ್ಲಿತ್ತು.

ನಾನು ಪಿಯುಸಿಗೆ ಸೇರಿದ ವರ್ಷದ ಮಳೆಗಾಲ. ಅಪ್ಪ ಮುಂಬೈಯ ಹೋಟೆಲಿನಲ್ಲಿ. ಅಮ್ಮ ಹಿಂದಿನ ದಿನವೇ ಚಿಕ್ಕಮ್ಮನ ಹೆರಿಗೆಗೆಂದು ಕುಂದಾಪುರದ ಆಸ್ಪತ್ರೆಗೆ ಹೋಗಿದ್ದಳು. ಮನೆಯಲ್ಲಿ ನಾನು, ಸೊಂಟ ಮುರಿದು ಮಲಗಿದ್ದ ಅಜ್ಜಿ. ಬೆಳಿಗ್ಗೆ ಅಂಗಳದಲ್ಲಿದ್ದ ನೀರು ನೋಡನೋಡುತ್ತಲೇ ಹೊಸಿಲು ದಾಟಿ ಮಂಚದ ಕಾಲು ನುಂಗತೊಡಗಿತು. ಅಜ್ಜಿಯನ್ನು ಎತ್ತಲು ನನ್ನೊಬ್ಬಳಿಂದ ಆಗಲಿಲ್ಲ. ಫೋನು ಹೋಗಲಿಲ್ಲ. ಬಾಗಿಲಿಗೆ ಬಂದು ಕಿರುಚಿದೆ.

ಅಂಗಡಿಗೆ ಹೋಗಿದ್ದ ಟೀಚರ್ ತಮ್ಮ ಮನೆಯತ್ತ ಓಡಿಬರುತ್ತಿದ್ದರು. ಅವರ ಮನೆ ನಮ್ಮದಕ್ಕಿಂತಲೂ ತಗ್ಗು. ನನ್ನ ಕೂಗಿಗೆ ಗೇಟಿನ ಬಳಿ ನಿಂತರು. ತಮ್ಮ ಮನೆಯನ್ನು ಒಮ್ಮೆ ನೋಡಿದರು. ಆಮೇಲೆ ನಮ್ಮ ಅಂಗಳಕ್ಕೆ ಇಳಿದರು.

"ಕುರ್ಚಿ ತಕಂಡ್ ಬಾ, ಬೇಗ!"

ಅಜ್ಜಿಯನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಸೀರೆಯಿಂದ ಬಿಗಿದೆವು. "ನನ್ನ ಇಲ್ಲೇ ಬಿಟ್ ನೀವ್ ಹೋಯ್ನಿ ಟೀಚ್ರೆ" ಎಂದು ಅಜ್ಜಿ ಅತ್ತಳು.

"ಸುಮ್ನೆ ಕೂಕಣಿ!" ಎಂದು ಟೀಚರ್ ಗದರಿದರು.

ಇಬ್ಬರೂ ಕುರ್ಚಿ ಹೊತ್ತು ಓಣಿಗಿಳಿದರೆ ನೀರು ಎದೆಮಟ್ಟ. ಸೆಳೆತಕ್ಕೆ ನನ್ನ ಕಾಲು ಕಿತ್ತುಬಂತು. ಕುರ್ಚಿ ವಾಲಿ ಅಜ್ಜಿಯ ಬಾಯಿಗೆ ಕೆಸರುನೀರು ನುಗ್ಗಿತು. ಟೀಚರ್ ಭುಜ ಕೊಟ್ಟು ತಡೆದರು. "ಮಗಾ, ನೀರ್ ಕಾಣ್ಬೇಡ! ಎದ್ರಿನ ತೆಂಗಿನ್ಮರ ಕಾಣ್!" ಬೇಲಿಯ ಕಂಬ ಹಿಡಿದು ಹಿಡಿದು ಹೆದ್ದಾರಿಯ ಏರು ಮುಟ್ಟಿದಾಗ ಅಲ್ಲಿದ್ದವರು ನಮ್ಮನ್ನು ಎಳೆದುಕೊಂಡರು. ತಿರುಗಿ ನೋಡಿದರೆ ಟೀಚರ ಮನೆಯ ಕಿಟಕಿಗಳೇ ಕಾಣುತ್ತಿರಲಿಲ್ಲ.

ನೀರಿಳಿದ ಮೇಲೆ ಕಪಾಟು ತೆರೆದೆವು. ಕಾಗದವೆಲ್ಲ ಮುದ್ದೆ. ನಾನು ಅಳತೊಡಗಿದೆ. ಟೀಚರ್ ಅದನ್ನು ಬುಟ್ಟಿಗೆ ತುಂಬುತ್ತಿದ್ದರು. ಅಕ್ಷರ ಉಳಿದಿದ್ದ ಒಂದು ಹಾಳೆಯ ಮೇಲೆ ಅವರ ಕೈ ತುಸು ಹೊತ್ತು ನಿಂತಿತು.

"ಕಥಿ ಮತ್ತ್ ಬರಿಯೂಕಾತ್ತ್ ಮಗಾ. ನಿನ್ನ ಅಜ್ಜಿನ ಮತ್ತ್ ಬರಿಯೂಕಾತ್ತಾ?"

ಮತ್ತೆ ಬರೆದರು. ಮೊದಲಿನ ಕಥೆಯಲ್ಲಿ ರಾಜಕುಮಾರಿ ಅಂಗೈ ಎತ್ತಿದರೆ ನೆರೆ ಹಿಂದೆ ಸರಿಯುತ್ತಿತ್ತು. ಈ ಸಲ ನೀರು ಅವಳ ಮಾತು ಕೇಳಲಿಲ್ಲ, ಅವಳೇ ನೀರಿಗಿಳಿದಳು.

"ಎಂತಕ್ ಟೀಚರ್? ಅವ್ಳಿಗೆ ಶಕ್ತಿ ಇತ್ತಲ್ದಾ?"

"ಶಕ್ತಿ ಮತ್ತೆ ಕಾಂಬ. ಮೊದ್ಲ್ ನೀರೊಳ್ಗೆ ಯಾರ್ ಇದ್ರ್ ಅಂದೇಳಿ ಕಾಣ್ಕ್."

ಅಜ್ಜಿ ಆಮೇಲೂ ಕೆಲವು ವರ್ಷ ಬದುಕಿ, ಚಿಕ್ಕಮ್ಮನ ಮಗುವಿಗೆ ಹಾಡು ಕಲಿಸಿ, ತನ್ನ ಮಂಚದಲ್ಲೇ ಕಣ್ಣುಮುಚ್ಚಿದಳು. ಟೀಚರ್ ಕಳೆದ ವರ್ಷ ಹೃದಯಾಘಾತದಿಂದ ಹೋದರು. ಕಾದಂಬರಿಯ ಕೊನೆಯ ಅಧ್ಯಾಯ ಬಾಕಿ ಇತ್ತು. "ನೀನೇ ಮುಗ್ಸ್" ಎಂದು ಊರಿಗೆ ಬಂದಿದ್ದ ಅವರ ಮಗ ಹೇಳಿದ. ಕೂತು ನೋಡಿದೆ, ಅವರ ಮಾತಿನ ಪಕ್ಕ ನನ್ನ ಮಾತು ನಿಲ್ಲಲಿಲ್ಲ. ಇದ್ದಷ್ಟನ್ನೇ ಅಚ್ಚು ಹಾಕಿಸಿದೆವು. ಪುಸ್ತಕ ಮುಗಿಯುವಾಗ ರಾಜಕುಮಾರಿ ಮುದುಕಿಯೊಬ್ಬಳನ್ನು ಬೆನ್ನಿಗೆ ಕಟ್ಟಿಕೊಂಡು ನಡುಹೊಳೆಯಲ್ಲಿದ್ದಾಳೆ.

ಓದಿದ ಮಕ್ಕಳು ನನ್ನನ್ನು ಬಿಡುವುದಿಲ್ಲ. "ಅಕ್ಕ, ಮತ್ತೆಂತಾಯ್ತ್? ದಡ ಮುಟ್ಟಿದ್ರಾ?"

"ಮುಟ್ಟಿದ್ರ್" ಎನ್ನುತ್ತೇನೆ. ಅಷ್ಟು ಮಾತ್ರ ನನಗೆ ಗೊತ್ತು.