ಸಿಡಿಯದ ಕೋವಿಗಳ ಮೇಸ್ತ್ರಿ

ಇನ್ನೂ ಬೆಳಕು ಹರಿದಿಲ್ಲ. ಬಾಗಿಲಾಚೆ ನಿಂತ ನನಗೆ ಒಳಗಿನಿಂದ ‘ಣಿಂಗ್’ ಎಂಬ ಸಣ್ಣ ಸದ್ದು ಕೇಳುತ್ತದೆ. ಮೇಸ್ತ್ರಿ ಹಳೆಯ ಕೋವಿಯ ಜೋಡಿ ನಳಿಗೆಯನ್ನು ಕಳಚಿ, ದಾರಕ್ಕೆ ತೂಗುಹಾಕಿ, ಉಗುರಿನಿಂದ ತಟ್ಟುತ್ತಿದ್ದಾರೆ. ಸದ್ದು ಉದ್ದಕ್ಕೆ ಎಳೆದರೆ ಎರಡು ನಳಿಗೆಗಳ ನಡುವಿನ ಬೆಸುಗೆ ಗಟ್ಟಿಯಿದೆ ಎಂದರ್ಥ. ಬೀದಿ ಎಚ್ಚರವಾದ ಮೇಲೆ ಇದು ಕಿವಿಗೆ ಬೀಳುವುದಿಲ್ಲವೆಂದೇ ಅವರು ಇಷ್ಟು ಬೇಗ ಏಳುತ್ತಾರೆ.

“ಒಳಗೆ ಬನ್ನಿ ಮೇಡಂ. ಬಿಚ್ಚಿಟ್ಟ ಕೋವಿ ಊರುಗೋಲಿಗಿಂತ ಸಾಧು.”

ಆದರೂ ನಳಿಗೆಯ ಬಾಯಿ ಯಾವ ಕಡೆಗಿದೆ ಎಂದು ನೋಡಿಕೊಂಡೇ ಕೂರುತ್ತೇನೆ.

ಎಣ್ಣೆ ವಾಸನೆಯ ಕೋಣೆ. ಗೋಡೆಯ ಗೂಟಗಳು ಹೆಚ್ಚಿನವು ಖಾಲಿ. ಹಳೆಯ ಕೋವಿ ಸಂಗ್ರಹಿಸುವವರೆಲ್ಲ ಒಂದು ಕಾಲಕ್ಕೆ ಇವರನ್ನೇ ಹುಡುಕಿಕೊಂಡು ಬರುತ್ತಿದ್ದರು. ಉಕ್ಕಿನ ಮೇಲಿನ ಚಿತ್ತಾರ ಮಾಸದಂತೆ ತುಕ್ಕನ್ನಷ್ಟೇ ಎತ್ತುವ ಕೈ ಇವರದು. ಕೆಲವು ವರ್ಷಗಳಿಂದ ಯಾರೂ ಬರುತ್ತಿಲ್ಲ.

“ಈಗ ಹೊಲಿಗೆ ಯಂತ್ರ ರಿಪೇರಿ ಮಾಡ್ತೀನಿ. ಅದಕ್ಕೆ ಲೈಸೆನ್ಸ್ ಬೇಡ, ಅಷ್ಟರಮಟ್ಟಿಗೆ ಲಾಭ.”

ಗಿರಾಕಿಗಳೇಕೆ ದೂರವಾದರು ಎಂದು ಕೇಳಿದರೆ ಎದ್ದು ಚಹಾಕ್ಕೆ ನೀರಿಡುತ್ತಾರೆ. ಅದರ ಕಾರಣ ಹೇಳಿ ನನ್ನನ್ನು ಇಲ್ಲಿಗೆ ಕಳಿಸಿದವರು, ಕಳೆದ ವರ್ಷ ತೀರಿಕೊಂಡ ಸಂಗ್ರಾಹಕರೊಬ್ಬರ ಹೆಂಡತಿ. ಈಗ ದಾರದಲ್ಲಿ ತೂಗುತ್ತಿರುವುದೂ ಅವರ ಮನೆಯದೇ.

“ಅವರು ಹೇಳಿದ್ದನ್ನು ಪತ್ರಿಕೆಗೆ ಬರೆಯಬಹುದೇ?” ಎಂದು ಕೇಳುತ್ತೇನೆ.

“ಯಜಮಾನ್ರೇ ಇಲ್ಲ. ಇನ್ನು ಅಮ್ಮಾವ್ರ ಇಷ್ಟ.”

ಆ ಹಿರಿಯ ಸಂಗ್ರಾಹಕರಿಗೆ ಮರೆವು ಶುರುವಾಗಿತ್ತು. ಶುಚಿ ಮಾಡಲು ಅವರೇ ತಂದುಕೊಟ್ಟ ಕೋವಿಯನ್ನು ಮೇಸ್ತ್ರಿ ತೆರೆದರೆ, ಒಳಗೆ ತುಂಬಿದ ತೋಟಾ ಹಾಗೇ ಇತ್ತು. ಮನೆಯಲ್ಲಿ ಪುಟ್ಟ ಮೊಮ್ಮಕ್ಕಳು. ಕೋವಿಗಳನ್ನು ಕಿತ್ತುಕೊಂಡರೆ ಇವರು ಉಳಿಯುವುದಿಲ್ಲ ಎಂದು ಹೆಂಡತಿ ಅತ್ತರು. ಕೊನೆಗೆ ಆ ಹೆಂಡತಿಯೇ ಒಪ್ಪಿದ ಮೇಲೆ, ತೋಟಾಕ್ಕೆ ಬಡಿದು ಸಿಡಿಸುವ ಉಕ್ಕಿನ ಮೊಳೆಗಳನ್ನು ಮೇಸ್ತ್ರಿ ಒಂದೊಂದೇ ಕೋವಿಯಿಂದ ಗುಟ್ಟಾಗಿ ತೆಗೆದರು.

ಒಂದು ಸಂಜೆ ಯಜಮಾನರು ಸಂಗ್ರಾಹಕ ಗೆಳೆಯರನ್ನು ಕರೆದು ಹಿತ್ತಲಾಚೆಯ ಬಯಲಲ್ಲಿ ಗುರಿಯಿಟ್ಟರು. ಕೋವಿ ಸಿಡಿಯಲಿಲ್ಲ. ಬದಲಿಸಿದರು. ಅದೂ ಸಿಡಿಯಲಿಲ್ಲ. ಮೇಸ್ತ್ರಿಗೆ ಹೇಳಿಕಳಿಸಿದರು.

“ಏನಯ್ಯಾ ಮಾಡಿಟ್ಟಿದ್ದೀಯ ಇವನ್ನ?”

“ಕೈ ತಪ್ಪಿತು ಯಜಮಾನ್ರೇ. ವಯಸ್ಸಾಯ್ತು.”

“ಕನ್ನಡಕ ತಗೊಳ್ಳಯ್ಯ, ಇಲ್ಲಾಂದ್ರೆ ಅಂಗಡಿ ಮುಚ್ಚು,” ಎಂದು ಗೆಳೆಯರೊಬ್ಬರು ಅಂದಾಗ ಎಲ್ಲರೂ ನಕ್ಕರು. ಅಂದು ನಕ್ಕವರ್ಯಾರೂ ಮತ್ತೆ ಈ ಬೀದಿಗೆ ಬರಲಿಲ್ಲ.

“ನಾನು ಅಲ್ಲೇ ತಿಂಡಿ ತಟ್ಟೆ ಹಿಡ್ಕೊಂಡು ನಿಂತಿದ್ದೆ,” ಎಂದಿದ್ದರು ಯಜಮಾನರ ಹೆಂಡತಿ ನನ್ನ ಬಳಿ. “ಬಾಯಿಗೆ ಬಂದ ಮಾತನ್ನ ನುಂಗಿಬಿಟ್ಟೆ. ಇವತ್ತಿಗೂ ಅದು ಇಳಿದಿಲ್ಲ.”

ಆ ಸಂಜೆ ಗೇಟಿನವರೆಗೆ ಅವರು ಮೇಸ್ತ್ರಿಯ ಹಿಂದೆ ಓಡಿದ್ದರು. ಗೆಳೆಯರಿಗಾದರೂ ನಿಜ ಹೇಳಿಬಿಡುತ್ತೇನೆ ಎಂದಿದ್ದರು. ಮೇಸ್ತ್ರಿ ಚೀಲ ಕೆಳಗಿಟ್ಟು, ಸುತ್ತ ಯಾರಿಲ್ಲವೆಂದು ನೋಡಿ, ಮೆಲ್ಲಗೆ ಹೇಳಿದರಂತೆ:

“ಬೇಡ ಅಮ್ಮಾ. ನನ್ನ ಕೈ ಹೋಯ್ತು ಅಂತ ಅವರು ಅಂದ್ಕೊಳ್ಳಲಿ, ಹೋಗಿಲ್ಲ ಅಂತ ನನಗೆ ಗೊತ್ತಲ್ಲ. ಆದ್ರೆ ಯಾರಾದ್ರೂ ಅವರಿಗೆ ‘ನಿಮ್ಮ ತಲೆ ಹೋಯ್ತು’ ಅಂದ್ರೆ, ಯಜಮಾನ್ರು ನಂಬಿಬಿಡ್ತಾರೆ. ಯಾರಿಗೂ ಹೇಳೋದು ಬೇಡ.”